ಶಿಕ್ಷೆ ಯಾಕೆ ಅಂತ ತೀರ್ಪಿನಲ್ಲಿ ಬರೆಯಿಸಿ: ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಹೈಕೋರ್ಟ್‌ನ ಮಾನ್ಯ ಮುಖ್ಯ ನ್ಯಾಯಮೂರ್ತಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ವಕೀಲನಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಅಣ್ಣನ ಸಾವಿನ ಕೇಸಿಗಾಗಿ ನಾಲ್ಕು ವರ್ಷಕ್ಕೂ ಜಾಸ್ತಿ ತಾಲ್ಲೂಕು ಕೋರ್ಟಿಗೆ ಓಡಾಡಿದ್ದೇನೆ. ಅಲ್ಲಿ ಅರ್ಥವಾಗದ್ದನ್ನು ಆಮೇಲೆ ಕೂತು ಓದಿಕೊಂಡಿದ್ದೇನೆ. ತಮಗೆ ಬರೆಯುತ್ತಿರುವುದು ಒಂದೇ ವಿಷಯಕ್ಕೆ. ಆರೋಪಿ ತಪ್ಪಿತಸ್ಥ ಅಂತ ತೀರ್ಮಾನ ಮಾಡಲು ಕೋರ್ಟು ವರ್ಷಗಟ್ಟಲೆ ಸಮಯ ಕೊಡುತ್ತದೆ, ಸಾಕ್ಷಿ ಕೇಳುತ್ತದೆ, ಪುಟಗಟ್ಟಲೆ ಕಾರಣ ಬರೆಯುತ್ತದೆ. ಆದರೆ ಅವನಿಗೆ ಇಂಥದ್ದೇ ಶಿಕ್ಷೆ ಯಾಕೆ, ಅದರಿಂದ ಏನಾಗಬೇಕು ಅನ್ನುವ ಪ್ರಶ್ನೆಗೆ ಐದು ನಿಮಿಷವೂ ಸಿಗುವುದಿಲ್ಲ. ಇದನ್ನು ಸರಿ ಮಾಡುವ ಅಧಿಕಾರ ತಮ್ಮ ಕೋರ್ಟಿಗೆ ಇದೆ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ನಮ್ಮ ಕೋರ್ಟಿನ ಹೆಸರು, ನ್ಯಾಯಾಧೀಶರ ಹೆಸರು ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದಿನದ ಪಟ್ಟಿಯಲ್ಲಿ ನೂರರ ಹತ್ತಿರ ಕೇಸುಗಳಿದ್ದವು, ಅವರು ಊಟಕ್ಕೂ ಸರಿಯಾಗಿ ಎದ್ದು ಹೋಗಿರಲಿಲ್ಲ.

ನಡೆದದ್ದು ಇಷ್ಟು. 2019ರಲ್ಲಿ ನಮ್ಮಣ್ಣ ಸಂಜೆ ಡೈರಿಗೆ ಹಾಲು ಹಾಕಿ ಸೈಕಲ್ಲಿನಲ್ಲಿ ವಾಪಸ್ ಬರುತ್ತಿದ್ದಾಗ ಹಿಂದಿನಿಂದ ಬಂದ ಗೂಡ್ಸ್ ಗಾಡಿ ಗುದ್ದಿತು. ಆಸ್ಪತ್ರೆ ತಲುಪುವ ಮೊದಲೇ ಅಣ್ಣ ಹೋಗಿಬಿಟ್ಟ. ಚಾಲಕ ಓಡಿಹೋಗಲಿಲ್ಲ, ಅದನ್ನೂ ಹೇಳಬೇಕು. ಪೊಲೀಸರು ಐಪಿಸಿ 279 ಮತ್ತು 304ಎ ಹಾಕಿ ಚಾರ್ಜ್‌ಶೀಟ್ ಸಲ್ಲಿಸಿದರು. ಅತಿ ವೇಗದ, ಅಜಾಗರೂಕ ಚಾಲನೆ, ಅದರಿಂದಾದ ಸಾವು. ವಾಯಿದೆ ಮೇಲೆ ವಾಯಿದೆ ಬಿದ್ದು 2024ರ ಮೊದಲಲ್ಲಿ ತೀರ್ಪು ಬಂತು. ಅಪರಾಧ ಸಾಬೀತಾಗಿದೆ ಅಂದರು. ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯಾ ಅಂತ ಕೇಳಿದರು. ಅವನ ವಕೀಲರು ಎದ್ದು, ಇವನೊಬ್ಬನೇ ದುಡಿಯುವವನು, ವಯಸ್ಸಾದ ತಾಯಿ ಇದ್ದಾರೆ, ಮೊದಲ ಸಲದ ತಪ್ಪು, ಕನಿಕರ ತೋರಿಸಬೇಕು ಅಂದರು. ಸರ್ಕಾರಿ ವಕೀಲರು ಕಾನೂನಿನ ಪ್ರಕಾರ ಶಿಕ್ಷೆ ಕೊಡಿ ಅಂದರು. ಅಷ್ಟೇ. 304ಎ ಅಡಿ ಹತ್ತು ಸಾವಿರ ದಂಡ, 279ರ ಅಡಿ ಒಂದು ಸಾವಿರ, ಕಟ್ಟದಿದ್ದರೆ ಸಾದಾ ಸಜೆ. ಬೆಂಚ್ ಕ್ಲರ್ಕ್ ಮುಂದಿನ ಕೇಸು ಕೂಗಿದರು.

ಅತ್ತಿಗೆ ವರಾಂಡದಲ್ಲಿ ನಿಂತಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ದಂಡದಲ್ಲಿ ಒಂದು ರೂಪಾಯಿಯೂ ಅವರಿಗೆ ಅಂತ ಆದೇಶದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, ನಿಮಗೆ ಎಂವಿಸಿ ಕೇಸಿನಲ್ಲಿ, ಅಂದರೆ ಅಪಘಾತ ಪರಿಹಾರಕ್ಕೆ ಬೇರೆಯಾಗಿ ಹಾಕುವ ಕೇಸಿನಲ್ಲಿ, ಪರಿಹಾರ ಬರುತ್ತದಲ್ಲ ಅಂದರು. ಅದು ವಿಮಾ ಕಂಪನಿ ಕೊಡುವ ದುಡ್ಡು, ಸಾವು ಮಾಡಿದವನಿಗೂ ಅದಕ್ಕೂ ಸಂಬಂಧವೇ ಇಲ್ಲ. ಅವನ ಲೈಸೆನ್ಸಿನ ಮಾತನ್ನೂ ಯಾರೂ ಎತ್ತಲಿಲ್ಲ. ಅದೇ ವಾರ ಅವನು ಅದೇ ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದ, ನಾನೇ ನೋಡಿದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅವನನ್ನು ಜೈಲಿಗೆ ಹಾಕಿ ಅಂತ ನಾವು ಕೇಳಿರಲಿಲ್ಲ. ಕೇಳುವ ಮನಸ್ಸೂ ನಮಗಿಲ್ಲ. ಅತ್ತಿಗೆಗೆ ಬೇಕಾಗಿದ್ದದ್ದು ಬೇರೆ. ಆ ಸಂಜೆ ಏನಾಯಿತು ಅಂತ ಅವನು ಒಂದು ಸಲ ಎದುರಿಗೆ ನಿಂತು ಹೇಳಬೇಕು, ಕೆಲವು ವರ್ಷ ಸ್ಟೀರಿಂಗ್ ಮುಟ್ಟಬಾರದು, ಮಗಳ ಓದಿಗೆ ಅವನ ಕೈಯಿಂದ ಎಷ್ಟಾಗುತ್ತದೋ ಅಷ್ಟು ಕೊಡಬೇಕು. ಈ ಮೂರರಲ್ಲಿ ಎರಡನ್ನು ಆದೇಶ ಮಾಡುವ ಅಧಿಕಾರ ಆ ಕೋರ್ಟಿಗೆ ಅವತ್ತೇ ಇತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 20ರಲ್ಲಿ, ವಾಹನ ಬಳಸಿ ಮಾಡಿದ ಅಪರಾಧದಲ್ಲಿ ಶಿಕ್ಷೆಯಾದವನನ್ನು ಇಷ್ಟು ಕಾಲ ಲೈಸೆನ್ಸ್ ಹೊಂದುವಂತಿಲ್ಲ ಅಂತ ಶಿಕ್ಷೆ ಕೊಡುವ ಕೋರ್ಟೇ ಹೇಳಬಹುದು. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹಳೆಯ ಕಾನೂನಾದ ಸಿಆರ್‌ಪಿಸಿಯ ಸೆಕ್ಷನ್ 357ರಲ್ಲಿ ದಂಡದ ಹಣದಿಂದ ನೊಂದವರಿಗೆ ಪರಿಹಾರ ಕೊಡಿಸಬಹುದಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 395 ಆಗಿದೆ. 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಖಡಾಖಂಡಿತವಾಗಿ ಹೇಳಿದೆ. ಪರಿಹಾರ ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ, ಆದರೆ ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಆ ಬಗ್ಗೆ ಯೋಚಿಸಲೇಬೇಕು, ಕಾರಣ ದಾಖಲಿಸಲೇಬೇಕು. ನಮ್ಮ ಕೇಸಿನ ಆದೇಶದಲ್ಲಿ ಅಂಥ ಒಂದು ಸಾಲೂ ಇಲ್ಲ.

ಹಾಗಾದರೆ ಆ ಹನ್ನೊಂದು ಸಾವಿರ ರೂಪಾಯಿ ಯಾವುದಕ್ಕೆ? ಅವನಿಗೆ ಭಯ ಹುಟ್ಟಿಸುವುದಕ್ಕಾ? ಅವನನ್ನು ತಿದ್ದುವುದಕ್ಕಾ? ರಸ್ತೆಯಲ್ಲಿ ಓಡಾಡುವ ಬೇರೆಯವರನ್ನು ಕಾಪಾಡುವುದಕ್ಕಾ? ಒಂದು ಜೀವ ಹೋಗಿದೆ, ಇದು ತಪ್ಪು ಅಂತ ಸಮಾಜದ ಪರವಾಗಿ ಹೇಳುವುದಕ್ಕಾ? ನಮಗೆ ಆದ ನಷ್ಟ ತುಂಬುವುದಕ್ಕಾ? ಯಾವುದಕ್ಕೆ ಅಂತ ಇಟ್ಟುಕೊಂಡರೂ ಆ ಮೊತ್ತ ಆ ಕೆಲಸ ಮಾಡುವುದಿಲ್ಲ.

ಅದೇ ದಿನ, ನಮ್ಮದಕ್ಕಿಂತ ಸ್ವಲ್ಪ ಮೊದಲು ಇನ್ನೊಂದು ಕೇಸು ನಡೆಯಿತು. ಅದೂ ನನ್ನ ತಲೆಯಿಂದ ಹೋಗುತ್ತಿಲ್ಲ. ಹತ್ತೊಂಬತ್ತು ವರ್ಷದ ಹುಡುಗ. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಕದ್ದಿದ್ದ. ಮೊಬೈಲ್ ಪೊಲೀಸರಿಗೆ ವಾಪಸ್ ಸಿಕ್ಕಿತ್ತು. ಜಾಮೀನು ಆಗಿತ್ತಂತೆ, ಆದರೆ ಶೂರಿಟಿ ನಿಲ್ಲುವವರು ಯಾರೂ ಇಲ್ಲದೆ ತಿಂಗಳುಗಟ್ಟಲೆ ಒಳಗೇ ಉಳಿದಿದ್ದ. ತಪ್ಪೊಪ್ಪಿಕೊಂಡ. ಇಲ್ಲಿಯವರೆಗೆ ಒಳಗಿದ್ದ ಅವಧಿಯೇ ಶಿಕ್ಷೆ ಅಂತ ಆದೇಶವಾಯಿತು. ಸಂಜೆ ಬಿಡುಗಡೆ. ಹುಡುಗನ ತಾಯಿ ಕೈ ಮುಗಿದರು.

ಎಲ್ಲರಿಗೂ ಖುಷಿಯಾದ ಆದೇಶ ಅದು. ಆದರೆ ಯೋಚನೆ ಮಾಡಿ ನೋಡಿ. ಅವನ ಶಿಕ್ಷೆಯ ಉದ್ದ ಎಷ್ಟು ಅಂತ ತೀರ್ಮಾನ ಮಾಡಿದ್ದು ಅವನ ಅಪರಾಧ ಅಲ್ಲ, ಅವನ ಬಡತನ. ಶೂರಿಟಿ ಸಿಕ್ಕಿದ್ದರೆ ಹದಿನೈದು ದಿನ, ಸಿಗದಿದ್ದಕ್ಕೆ ಇಷ್ಟು ತಿಂಗಳು. ಮೊದಲು ಜೈಲು ಆಗಿಹೋಯಿತು, ಶಿಕ್ಷೆಯನ್ನು ಆಮೇಲೆ ಅದರ ಅಳತೆಗೆ ಹೊಲಿದರು. ಪ್ರೊಬೇಷನ್ ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡುವುದು. 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ ಸೆಕ್ಷನ್ 6 ಏನು ಹೇಳುತ್ತದೆ ಅಂದರೆ, ಇಪ್ಪತ್ತೊಂದು ವರ್ಷದೊಳಗಿನವರನ್ನು, ಅಪರಾಧ ಜೀವಾವಧಿಯಷ್ಟು ದೊಡ್ಡದಲ್ಲದಿದ್ದರೆ, ಜೈಲಿಗೆ ಕಳಿಸಲೇಬಾರದು. ಕಳಿಸಲೇಬೇಕು ಅನ್ನಿಸಿದರೆ ಮೊದಲು ಪ್ರೊಬೇಷನ್ ಅಧಿಕಾರಿಯಿಂದ ವರದಿ ತರಿಸಿಕೊಳ್ಳಬೇಕು, ಕಾರಣ ಬರೆಯಬೇಕು. ನಾನು ಕೂತಿದ್ದಷ್ಟು ಹೊತ್ತು ಪ್ರೊಬೇಷನ್ ಅನ್ನುವ ಪದವೇ ಆ ಹಾಲಿನಲ್ಲಿ ಕೇಳಲಿಲ್ಲ. ಅದೇ ಕಾಯ್ದೆಯ ಸೆಕ್ಷನ್ 12 ಇನ್ನೂ ಮುಖ್ಯ. ಪ್ರೊಬೇಷನ್ ಮೇಲೆ ಬಿಟ್ಟರೆ ಆ ಶಿಕ್ಷೆಯಿಂದ ಬರುವ ಅನರ್ಹತೆ ಅವನಿಗೆ ಅಂಟುವುದಿಲ್ಲ. ಈಗ ಅದು ಅಂಟಿದೆ. ನಾಳೆ ಅವನು ಯಾವುದೇ ಕೆಲಸಕ್ಕೆ ಅರ್ಜಿ ಹಾಕಿದರೂ ಶಿಕ್ಷೆಯಾದವನು ಅಂತ ಬರೆದುಕೊಳ್ಳಬೇಕು. ಸಂಜೆ ಮನೆಗೆ ಹೋಗುವ ಆಸೆಯಲ್ಲಿ ತಪ್ಪೊಪ್ಪಿಕೊಂಡ ಹುಡುಗನಿಗೆ ಇದನ್ನು ಯಾರಾದರೂ ಹೇಳಿದ್ದರಾ?

ಇಂಥ ಹುಡುಗರು ಒಬ್ಬಿಬ್ಬರಲ್ಲ. ಕೇಂದ್ರ ಸರ್ಕಾರದ್ದೇ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು, ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು. ಇವರಲ್ಲಿ ಎಷ್ಟೋ ಜನರಿಗೆ ಶಿಕ್ಷೆಯ ಉದ್ದೇಶ ಅನ್ನುವ ಮಾತು ಬರುವಷ್ಟರಲ್ಲಿ ಶಿಕ್ಷೆಯೇ ಮುಗಿದಿರುತ್ತದೆ.

ಮಾನ್ಯರೇ, ಕಾನೂನನ್ನೇ ತೆಗೆದು ನೋಡಿದೆ. ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 4ರಲ್ಲಿ ಆರು ಬಗೆಯ ಶಿಕ್ಷೆಗಳಿವೆ. ಮರಣದಂಡನೆ, ಜೀವಾವಧಿ, ಕಠಿಣ ಅಥವಾ ಸಾದಾ ಸಜೆ, ಆಸ್ತಿ ಮುಟ್ಟುಗೋಲು, ದಂಡ, ಹೊಸದಾಗಿ ಸೇರಿದ ಸಮುದಾಯ ಸೇವೆ. ಇವುಗಳಲ್ಲಿ ಯಾವುದನ್ನು ಯಾವ ಉದ್ದೇಶಕ್ಕೆ ಬಳಸಬೇಕು ಅಂತ ಒಂದು ವಾಕ್ಯವೂ ಇಲ್ಲ. 1860ರ ಐಪಿಸಿಯಲ್ಲೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 2020ರ ಶಿಕ್ಷಾ ಕಾಯ್ದೆಯ ಸೆಕ್ಷನ್ 57 ಐದು ಉದ್ದೇಶಗಳನ್ನು ಹೇಳುತ್ತದೆ. ಅಪರಾಧಿಯನ್ನು ದಂಡಿಸುವುದು, ಅಪರಾಧ ಕಡಿಮೆ ಮಾಡುವುದು, ಅವನನ್ನು ಸುಧಾರಿಸುವುದು, ಜನರನ್ನು ರಕ್ಷಿಸುವುದು, ನೊಂದವರಿಗೆ ನಷ್ಟ ತುಂಬಿಕೊಡುವುದು. ವಯಸ್ಕರಿಗೆ ಶಿಕ್ಷೆ ಕೊಡುವಾಗ ನ್ಯಾಯಾಧೀಶರು ಈ ಐದನ್ನೂ ಗಮನಿಸಲೇಬೇಕು. ಕೆನಡಾದ ಕ್ರಿಮಿನಲ್ ಸಂಹಿತೆಯ 718ನೇ ಸೆಕ್ಷನ್‌ನಲ್ಲೂ ಇಂಥದ್ದೇ ಇದೆ. ಅವರದ್ದನ್ನು ನಾವು ನಕಲು ಮಾಡಬೇಕಿಲ್ಲ. ಆದರೆ ಉದ್ದೇಶವನ್ನು ಕಾನೂನಿನಲ್ಲಿ ಬರೆದಿಡುವುದು ಆಗದ ಕೆಲಸವೇನೂ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ನಮ್ಮಲ್ಲಿ ಇದರ ಮಾತೇ ಆಗಿಲ್ಲ ಅಂತಲ್ಲ. ಹುಬ್ಬಳ್ಳಿ ಸೀಮೆಯವರೇ ಆದ, ತಾವು ಈಗ ಕೂತಿರುವ ಹುದ್ದೆಯಲ್ಲೇ ಹಿಂದೆ ಇದ್ದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ರೂಪಿಸಬೇಕು, ಅದಕ್ಕೊಂದು ಶಾಸನಬದ್ಧ ಸಮಿತಿ ಬೇಕು ಅಂತ ಶಿಫಾರಸು ಮಾಡಿತ್ತು. 2008ರಲ್ಲಿ ಪ್ರೇಮ್ ಸಾಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಶಿಕ್ಷೆ ಕೊಡುವ ವಿಷಯದಲ್ಲಿ ನಮ್ಮ ವ್ಯವಸ್ಥೆ ಮಾರ್ಗಸೂಚಿಗಳನ್ನು ಬೆಳೆಸಿಲ್ಲ ಅಂತ ಹೇಳಿತು. ಅದೇ ವರ್ಷ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, ಗಲ್ಲು ಕೊಡುವುದೋ ಜೀವಾವಧಿಯೋ ಅನ್ನುವುದು ಪೀಠದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಎಷ್ಟು ನಿಂತಿದೆ ಅಂತ ಅದೇ ಕೋರ್ಟ್ ಕಳವಳ ತೋರಿಸಿತು. ಗಲ್ಲು ಶಿಕ್ಷೆಯ ಕೇಸುಗಳಲ್ಲಾದರೂ ಚರ್ಚೆ ನಡೆಯುತ್ತದೆ. 1980ರ ಬಚ್ಚನ್ ಸಿಂಗ್ ಪ್ರಕರಣದಿಂದ ಅಪರಾಧದ ಜೊತೆಗೆ ಅಪರಾಧಿಯನ್ನೂ ನೋಡಬೇಕು ಅಂತಿದೆ. ಆದರೆ ದೇಶದ ಬಹುಪಾಲು ಕೇಸುಗಳು ನಡೆಯುವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಆ ಚರ್ಚೆ ಇಳಿದೇ ಬಂದಿಲ್ಲ. ಜನರಿಗೆ ನ್ಯಾಯ ಅಂದರೆ ಏನು ಅಂತ ಗೊತ್ತಾಗುವುದು ಅಲ್ಲೇ ಅಲ್ವಾ?

ಅಣ್ಣನ ಕೇಸಿನಂಥದ್ದರಲ್ಲಿ ಇದು ಇನ್ನೂ ವಿಚಿತ್ರ. 304ಎಗೆ ಗರಿಷ್ಠ ಎರಡು ವರ್ಷ ಅಂತ ಇದ್ದದ್ದರಿಂದ ಅದು ಸಮನ್ಸ್ ಕೇಸು, ಅಂದರೆ ಕಾನೂನಿನ ಲೆಕ್ಕದಲ್ಲಿ ಸಣ್ಣ ಕೇಸು. ಎರಡು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇದ್ದರೆ ಅದು ವಾರಂಟ್ ಕೇಸು. ವಾರಂಟ್ ಕೇಸಿಗೆ ಮತ್ತು ಸೆಷನ್ಸ್ ಕೇಸಿಗೆ ಶಿಕ್ಷೆಯ ಬಗ್ಗೆ ಆರೋಪಿಯ ಮಾತು ಕೇಳಬೇಕು ಅಂತ 1973ರ ಸಿಆರ್‌ಪಿಸಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು, ಸಮನ್ಸ್ ಕೇಸಿಗೆ ಹಾಗೆ ಬರೆದಿರಲಿಲ್ಲ. ಒಬ್ಬರ ಸಾವಿನ ಕೇಸು, ಶಿಕ್ಷೆಯ ಮೇಲಿನ ವಿಚಾರಣೆ ಬರೀ ರೂಢಿಯ ಮೇಲೆ. ಈಗ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ, ಆದ್ದರಿಂದ ಇನ್ನು ಮುಂದಿನ ಕೇಸುಗಳಿಗೆ ಆ ತೊಂದರೆ ಇಲ್ಲ. ಆದರೆ ಗರಿಷ್ಠ ಹೆಚ್ಚಾಯಿತು ಅಂದ ಮಾತ್ರಕ್ಕೆ ಶಿಕ್ಷೆಗೆ ಅರ್ಥ ಬರುವುದಿಲ್ಲ. ಸೊನ್ನೆಯಿಂದ ಐದು ವರ್ಷದ ನಡುವೆ ಎಲ್ಲಿ ನಿಲ್ಲಿಸಬೇಕು, ಯಾಕೆ ಅಲ್ಲೇ ನಿಲ್ಲಿಸಬೇಕು ಅಂತ ಹೇಳುವವರು ಯಾರೂ ಇಲ್ಲದಿದ್ದರೆ ಗೊಂದಲ ಇನ್ನೂ ಜಾಸ್ತಿ ಆಗುತ್ತದೆ.

ಈ ಬಗೆಯ ಕೇಸುಗಳ ಇತಿಹಾಸವನ್ನೇ ನೋಡಿ. 1987ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಕರ್ನಾಟಕ ಸರ್ಕಾರ ಮತ್ತು ಕೃಷ್ಣ ಅಲಿಯಾಸ್ ರಾಜು ಪ್ರಕರಣದಲ್ಲಿ, ಸಾವಿಗೆ ಕಾರಣನಾದ ಚಾಲಕನಿಗೆ 250 ರೂಪಾಯಿ ದಂಡ ಹಾಕಿದ್ದನ್ನು ಕಂಡು, ಇದು ಕೋರ್ಟಿನ ಆತ್ಮಸಾಕ್ಷಿಗೆ ಆಘಾತ ತರುವಂಥದ್ದು ಅಂತ ಸುಪ್ರೀಂ ಕೋರ್ಟ್ ಹೇಳಿತು. 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ, ಇಂಥ ಕೇಸುಗಳಲ್ಲಿ ಬೇರೆ ಚಾಲಕರಿಗೆ ಎಚ್ಚರಿಕೆ ಕೊಡುವುದೇ ಮುಖ್ಯ ಉದ್ದೇಶವಾಗಬೇಕು ಅಂದಿತು. 2015ರ ಸೌರಭ್ ಬಕ್ಷಿ ಪ್ರಕರಣದಲ್ಲಿ 24 ದಿನಕ್ಕೆ ಇಳಿದಿದ್ದ ಸಜೆಯನ್ನು ಆರು ತಿಂಗಳಿಗೆ ಏರಿಸಿತು. ಇಷ್ಟೆಲ್ಲ ಆದ ಮೇಲೂ 2024ರಲ್ಲಿ ನಮ್ಮ ತಾಲ್ಲೂಕಿನಲ್ಲಿ ಬರೀ ದಂಡ. ಎಚ್ಚರಿಕೆಯೇ ಉದ್ದೇಶ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮ ರಸ್ತೆಯಲ್ಲಿ ಗಾಡಿ ಓಡಿಸುವ ಯಾರಿಗೂ ಆ ತೀರ್ಪುಗಳು ಗೊತ್ತಿಲ್ಲ. ಅವರನ್ನು ನಿಧಾನ ಮಾಡುವುದು ಮುಂದಿನ ತಿರುವಿನಲ್ಲಿ ಪೊಲೀಸರು ನಿಂತಿರುತ್ತಾರೆ ಅನ್ನುವ ಖಾತ್ರಿಯೇ ಹೊರತು ಮ್ಯಾಜಿಸ್ಟ್ರೇಟರ ಆದೇಶದ ಉದ್ದ ಅಲ್ಲ. ಆದರೆ ಒಪ್ಪದಿದ್ದರೂ, ಅಲ್ಲಿ ಒಂದು ಉದ್ದೇಶವನ್ನು ಹೆಸರಿಟ್ಟು ಹೇಳಿದ್ದಾರೆ, ಅದನ್ನು ಹಿಡಿದು ನಾನು ವಾದ ಮಾಡಬಹುದು. ನಮ್ಮ ಕೇಸಿನಲ್ಲಿ ಹಿಡಿಯಲು ಏನೂ ಇಲ್ಲ.

ಇನ್ನು ನಮ್ಮಂಥವರ ಸ್ಥಿತಿ. ಶಿಕ್ಷೆ ಕಡಿಮೆಯಾಯಿತು ಅಂತ ನೊಂದವರು ಮೇಲ್ಮನವಿ ಹಾಕುವಂತಿಲ್ಲ. ಬಿಡುಗಡೆಯಾದರೆ ಹಾಕಬಹುದು, ಸಣ್ಣ ಅಪರಾಧಕ್ಕೆ ಇಳಿಸಿದರೆ ಹಾಕಬಹುದು, ಪರಿಹಾರ ಸಾಲದು ಅಂತ ಹಾಕಬಹುದು. ಶಿಕ್ಷೆಯ ಪ್ರಮಾಣದ ಬಗ್ಗೆ ಮಾತ್ರ ಸರ್ಕಾರವೇ ಹಾಕಬೇಕು. 2020ರ ಪರ್ವಿಂದರ್ ಕನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಅದು ಸಂಸತ್ತಿನ ವಿಷಯ, ತಮ್ಮನ್ನು ಕೇಳುವುದಿಲ್ಲ. ಆದರೆ ಮೇಲ್ಮನವಿ ಇಲ್ಲ ಅಂದಮೇಲೆ ಶಿಕ್ಷೆ ಘೋಷಿಸುವ ಆ ಒಂದೇ ದಿನ ನಮಗೆ ಉಳಿದಿರುವುದು. ಆ ದಿನವಾದರೂ ನಮ್ಮ ಮಾತು ಕೇಳಬಾರದಾ? 2018ರಲ್ಲಿ ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರು, ಶಿಕ್ಷೆ ಕೊಡುವ ಮೊದಲು ನೊಂದವರ ಮಾತು ಕೇಳುವ ಬಗ್ಗೆ, ಅಪರಾಧದಿಂದ ಅವರಿಗಾದ ಪರಿಣಾಮದ ಹೇಳಿಕೆಗೆ ಮನ್ನಣೆ ಕೊಡುವ ಬಗ್ಗೆ ಗಂಭೀರವಾಗಿ ಯೋಚಿಸಬೇಕು ಅಂತ ಬರೆದಿದ್ದಾರೆ. ನಮ್ಮ ರಾಜ್ಯದ ಕೇಸಿನಿಂದ ಬಂದ ಮಾತು ನಮ್ಮ ತಾಲ್ಲೂಕಿಗೆ ಇನ್ನೂ ಮುಟ್ಟಿಲ್ಲ.

ನ್ಯಾಯಾಧೀಶರ ಕೈ ಕಟ್ಟಿಹಾಕಬಾರದು, ಒಂದೊಂದು ಕೇಸೂ ಬೇರೆ ಅಂತ ವಕೀಲ ಮಿತ್ರರು ಹೇಳುತ್ತಾರೆ. ಸರಿಯಾದ ಮಾತು. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ 1987ರಿಂದ ಕೋಷ್ಟಕ ಇಟ್ಟುಕೊಂಡು ಇಂತಿಷ್ಟೇ ತಿಂಗಳು ಅಂತ ಕಡ್ಡಾಯ ಮಾಡಿದ್ದರು. 2005ರ ಬುಕರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಆ ಕಡ್ಡಾಯವನ್ನು ತೆಗೆದು ಬರೀ ಸಲಹೆಯಾಗಿ ಉಳಿಸಿತು. ನನಗೂ ಕೋಷ್ಟಕ ಬೇಡ. ದಿನವೂ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನಾದರೂ ಮನುಷ್ಯರ ಶಿಕ್ಷೆಯನ್ನು ಸೂತ್ರಕ್ಕೆ ಹಾಕಿ ತೆಗೆಯಬೇಕು ಅಂತ ನನಗೆ ಅನ್ನಿಸುವುದಿಲ್ಲ. ಉತ್ತರ ಯಾವುದೇ ಇರಲಿ, ಅದು ಹೇಗೆ ಬಂತು ಅಂತ ತೋರಿಸಲಿ ಅನ್ನುವುದಷ್ಟೇ ನನ್ನ ಮಾತು. ಟಿವಿಯಲ್ಲಿ, ಮೊಬೈಲಿನಲ್ಲಿ ಗಲ್ಲಿಗೇರಿಸಿ, ಗುಂಡು ಹೊಡೀರಿ ಅಂತ ಕೂಗುವ ಜನರ ಸಿಟ್ಟಿಗೂ ಇದೇ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕೋರ್ಟು ಯಾಕೆ ಹೀಗೆ ಮಾಡಿತು ಅಂತ ಅವರಿಗೆ ಯಾರೂ ಹೇಳಿಲ್ಲ.

ಸಂವಿಧಾನದ 227ನೇ ವಿಧಿ ಕೆಳಗಿನ ಕೋರ್ಟುಗಳ ಮೇಲೆ ತಮಗೆ ಮೇಲ್ವಿಚಾರಣೆಯ ಅಧಿಕಾರ ಕೊಟ್ಟಿದೆ, ಅವುಗಳ ಕಾರ್ಯವಿಧಾನಕ್ಕೆ ನಿಯಮ ಮಾಡುವ ಅಧಿಕಾರವನ್ನೂ ಕೊಟ್ಟಿದೆ. ಅದರ ಬಲದಿಂದ ತಾವು ಮಾಡಬಹುದಾದ ಕೆಲವನ್ನು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಪ್ರತಿ ಕೇಸಿನಲ್ಲೂ ಶಿಕ್ಷೆಯ ಆದೇಶದಲ್ಲಿ ಒಂದು ಪ್ಯಾರಾ ಕಡ್ಡಾಯವಾಗಿ ಇರಲಿ. ಈ ಶಿಕ್ಷೆ ಯಾವ ಉದ್ದೇಶಕ್ಕೆ, ಆ ಉದ್ದೇಶಕ್ಕೆ ಇದೇ ಯಾಕೆ ಸೂಕ್ತ, ಪ್ರೊಬೇಷನ್ ಮತ್ತು ಪರಿಹಾರದ ಬಗ್ಗೆ ಏನು ಯೋಚಿಸಲಾಯಿತು. ಅಪರಾಧಿಗೂ ನೊಂದವರಿಗೂ ಅರ್ಥವಾಗುವ ಕನ್ನಡದಲ್ಲಿ ಅದನ್ನು ಕೋರ್ಟಿನಲ್ಲೇ ಓದಿ ಹೇಳಲಿ.

ಅದು ಆಗಬೇಕಾದರೆ ನ್ಯಾಯಾಧೀಶರ ಮುಂದೆ ಮಾಹಿತಿ ಇರಬೇಕು. ಅದಕ್ಕೇ, ಅಪರಾಧ ಸಾಬೀತಾದ ದಿನವೇ ಶಿಕ್ಷೆ ಹೇಳುವ ಅವಸರ ಬೇಡ. ಇನ್ನೊಂದು ದಿನ ಕೊಡಲಿ. 1989ರ ಅಲ್ಲಾವುದ್ದೀನ್ ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. ಆ ನಡುವೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ನೊಂದವರಿಂದ ಒಂದು ಪುಟದ ಹೇಳಿಕೆ, ಅಪರಾಧಿಯ ಮನೆ, ದುಡಿಮೆ, ಹಿಂದಿನ ನಡತೆಯ ಬಗ್ಗೆ ಒಂದು ಪುಟದ ವರದಿ ತರಿಸಲಿ. ಕೇಸುಗಳ ರಾಶಿಯಲ್ಲಿ ಇದು ಇನ್ನೊಂದು ಹೊರೆ ಅಂತ ಅನ್ನಿಸಬಹುದು. ನಾಲ್ಕು ವರ್ಷ ನಡೆದ ಕೇಸಿಗೆ ಇನ್ನೊಂದು ವಾರ ಹೊರೆಯಲ್ಲ ಅಂತ ಕೋರ್ಟಿನ ಬೆಂಚಿನ ಮೇಲೆ ಕಾದವನಾಗಿ ಹೇಳುತ್ತಿದ್ದೇನೆ.

ಇಪ್ಪತ್ತೊಂದರೊಳಗಿನವರ ಕೇಸಿನಲ್ಲಿ ಪ್ರೊಬೇಷನ್ ಅಧಿಕಾರಿಯ ವರದಿ ಇಲ್ಲದೆ ಜೈಲು ಶಿಕ್ಷೆ ಕೊಡುವುದನ್ನು ನಿಲ್ಲಿಸಿ. ಒಳಗಿದ್ದ ಅವಧಿಯೇ ಶಿಕ್ಷೆ ಅನ್ನುವುದೂ ಜೈಲು ಶಿಕ್ಷೆಯೇ ಅಂತ ಸ್ಪಷ್ಟಪಡಿಸಿ. ತಪ್ಪೊಪ್ಪಿಕೊಳ್ಳುವ ಮೊದಲು ಅದರ ಪರಿಣಾಮ ಏನು ಅಂತ ಆರೋಪಿಗೆ ತಿಳಿಸಿ ಹೇಳಿದ್ದಾರೆ ಅಂತ ದಾಖಲಾಗಲಿ. ಹೊಸ ಕಾನೂನಿನಲ್ಲಿ, ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವಿಗೆ, ವಸ್ತು ಅಥವಾ ಅದರ ಬೆಲೆ ಹಿಂತಿರುಗಿಸಿದರೆ, ಸಮುದಾಯ ಸೇವೆಯೇ ಶಿಕ್ಷೆ. ಒಳ್ಳೆಯದು. ಆದರೆ ಎಲ್ಲಿ ಕೆಲಸ, ಎಷ್ಟು ಗಂಟೆ, ನೋಡಿಕೊಳ್ಳುವವರು ಯಾರು ಅನ್ನುವುದು ಪ್ರತಿ ಆದೇಶದಲ್ಲೂ ಬರಲಿ. ಹುಡುಗನ ಕೈಗೆ ಪೊರಕೆ ಕೊಟ್ಟು ಫೋಟೋ ತೆಗೆದು ಪೇಪರಿಗೆ ಹಾಕಿಸುವುದು ತಿದ್ದುವ ಕೆಲಸ ಅಲ್ಲ, ಅದಕ್ಕೆ ಅವಕಾಶ ಕೊಡಬೇಡಿ.

ವಾಹನದಿಂದಾದ ಸಾವಿನ ಕೇಸುಗಳಲ್ಲಿ ಲೈಸೆನ್ಸಿನ ಪ್ರಶ್ನೆಯನ್ನು ಸೆಕ್ಷನ್ 20ರ ಅಡಿ ಪರಿಗಣಿಸಿದ್ದೇವೆ ಅಂತ ಆದೇಶದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿ. ಚಾಲನೆಯಿಂದಲೇ ಹೊಟ್ಟೆ ಹೊರೆಯುವವನ ಲೈಸೆನ್ಸ್ ಕಿತ್ತುಕೊಂಡರೆ ಅವನ ಮನೆಯ ಗತಿ ಏನು ಅಂತ ಕೇಳಬಹುದು, ಕೇಳಬೇಕಾದದ್ದೇ. ಅದನ್ನು ತೂಗಿ ನೋಡಲಿ, ಆರು ತಿಂಗಳೋ ಎರಡು ವರ್ಷವೋ ಹೇಳಲಿ, ಅಥವಾ ಬೇಡ ಅನ್ನಿಸಿದರೆ ಯಾಕೆ ಬೇಡ ಅಂತ ಬರೆಯಲಿ.

ಕೊನೆಯದಾಗಿ, ನ್ಯಾಯಾಂಗ ಅಕಾಡೆಮಿಯಲ್ಲಿ ಹೊಸ ನ್ಯಾಯಾಧೀಶರಿಗೆ ತರಬೇತಿ ಕೊಡುವಾಗ ನಮ್ಮಂಥ ಒಂದಿಬ್ಬರನ್ನು ಕರೆಸಿ. ನೊಂದವರನ್ನೂ ಕರೆಸಿ, ಶಿಕ್ಷೆ ಅನುಭವಿಸಿ ಬಂದವರನ್ನೂ ಕರೆಸಿ. ಶಿಕ್ಷೆ ಹೇಳಿದ ಮಾರನೆಯ ದಿನ ಎರಡೂ ಮನೆಗಳಲ್ಲಿ ಏನಾಗುತ್ತದೆ ಅಂತ ಅವರು ಕೇಳಿಸಿಕೊಳ್ಳಲಿ. ನಾನು ಬರಲು ಸಿದ್ಧ, ಅತ್ತಿಗೆಯೂ ಬರುತ್ತೇನೆ ಅಂದಿದ್ದಾರೆ.

ನಮ್ಮ ಕೇಸನ್ನು ಮತ್ತೆ ತೆರೆಯಿರಿ ಅಂತ ನಾನು ಕೇಳುತ್ತಿಲ್ಲ. ಈ ಪತ್ರವನ್ನು ತಮ್ಮ ಕಚೇರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಕ್ರಿಮಿನಲ್ ಕೋರ್ಟುಗಳ ನಿಯಮಗಳನ್ನು ನೋಡಿಕೊಳ್ಳುವ ಸಮಿತಿಯ ಮುಂದೆ ಇದನ್ನು ಇಡಿಸಬೇಕು, ಸಮಿತಿ ಏನು ತೀರ್ಮಾನಿಸಿತು ಅಂತ ತಿಳಿಸಬೇಕು ಅಂತ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ಶಿಕ್ಷಕ